ಅಡ್ವಾನ್ಸ್ ಅತ್ತೆಯ ಮದುವೆ

ನಮ್ಮತ್ತೆ ಯಾರಿಗೂ ನಿಜವಾದ ತಾರೀಖು ಹೇಳುತ್ತಿರಲಿಲ್ಲ. ನಂಟರಲ್ಲಿ ಯಾರದಾದರೂ ಮದುವೆ ಗೊತ್ತಾಯಿತೆಂದರೆ ದರ್ಜಿಗೆ ಒಂದು ದಿನ, ಅಡುಗೆಯವರಿಗೆ ಇನ್ನೊಂದು ದಿನ, ಕುರ್ಚಿ ಬಾಡಿಗೆಯವನಿಗೆ ಮತ್ತೊಂದು ದಿನ ಹೇಳಿ ಬರುತ್ತಿದ್ದಳು. ಯಾರು ಎಷ್ಟು ತಡ ಮಾಡುತ್ತಾರೆ ಎಂಬ ಅಂದಾಜು ಅವಳ ತಲೆಯಲ್ಲಿ ಪಕ್ಕಾ ಇತ್ತು. ಅದಕ್ಕೆ ತಕ್ಕ ಹಾಗೆ ಒಬ್ಬೊಬ್ಬರಿಗೂ ದಿನವನ್ನು ಹಿಂದಕ್ಕೆ ಎಳೆದು ಹೇಳುವುದು, ಹತ್ತಿರ ಬಂದಾಗ "ಸ್ವಲ್ಪ ಮುಂದಕ್ಕೆ ಹೋಯ್ತು, ಏನ್ಮಾಡೋದು" ಎಂದು ಮುಖ ಸಣ್ಣ ಮಾಡುವುದು. ಹೀಗಾಗಿ ನಮ್ಮ ಕಡೆಯ ಮದುವೆಗಳು ಯಾವಾಗಲೂ ಮುಂದಕ್ಕೆ ಹೋಗುತ್ತವೆ ಎಂದು ದರ್ಜಿಯ ಅಂಗಡಿಯಲ್ಲಿ ಒಂದು ಅಪಖ್ಯಾತಿಯೇ ಇತ್ತು.

ಎಲ್ಲರಿಗಿಂತ ಮುಂಚಿನ ದಿನ, ಕೊನೆಗೆ ಮದುವೆಯ ದಿನವೂ ಎರಡು ಗಂಟೆ ಮುಂಚಿನ ಹೊತ್ತು, ಸಿಗುತ್ತಿದ್ದದ್ದು ನಮ್ಮಪ್ಪನಿಗೆ. ಅಪ್ಪ ಅವಳ ಒಡಹುಟ್ಟಿದ ಅಣ್ಣ. ರೈಲು ಹೊರಟ ಮೇಲೆ ಟಿಕೆಟ್ ಎಲ್ಲಿಟ್ಟೆ ಎಂದು ಜೇಬು ತಡಕುವವರ ಪೈಕಿ. "ನಿಮ್ಮಣ್ಣನಿಗೆ ನಿಜ ಹೇಳಿದ್ರೆ, ಮದುವೆ ಮುಗಿದು ಮಗು ನಡೆಯೋಕೆ ಶುರು ಮಾಡಿದ ಮೇಲೆ ಬರ್ತಾರೆ" ಎಂದು ನಮ್ಮಮ್ಮನೂ ಈ ಸುಳ್ಳಿಗೆ ಒತ್ತಾಸೆಯಾಗಿ ನಿಂತಿದ್ದಳು.

ನಾವು ಮಕ್ಕಳು ಅವಳನ್ನು ಅಡ್ವಾನ್ಸ್ ಅತ್ತೆ ಎಂದು ಕರೆಯುತ್ತಿದ್ದೆವು, ಅದೂ ಎದುರಿಗೇ. ಅವಳಿಗೆ ಅದು ಬಿರುದು ಸಿಕ್ಕ ಹಾಗಿತ್ತು.

ಅವಳ ಕೆಲಸ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಬಟ್ಟೆ ಕೋಣೆಯಲ್ಲಿ. ಒಂದು ಕಡೆ ಒಗೆಯುವ ಯಂತ್ರಗಳ ಗುಡುಗುಡು, ಇನ್ನೊಂದು ಕಡೆ ಇಸ್ತ್ರಿಯ ಉರುಳೆಗಳಿಂದ ಏಳುವ ಬಿಸಿ ಆವಿ, ನಡುವೆ ಬಟ್ಟೆ ಮಡಿಸುವ ಉದ್ದನೆಯ ಮೇಜು. ಅದರ ಮೇಲೆ ಬೆಳಗಿಂದ ಸಂಜೆಯವರೆಗೆ ಹಾಸಿಗೆಯ ಹೊದಿಕೆಗಳು, ದಿಂಬಿನ ಚೀಲಗಳು, ರೋಗಿಗಳು ತೊಡುವ ಸಡಿಲ ಅಂಗಿಗಳು, ಆಪರೇಷನ್ ಕೋಣೆಯ ಹಸಿರು ಬಟ್ಟೆಗಳು ಬಂದು ಬೀಳುತ್ತಿದ್ದವು. ನಾಳೆ ಯಾರಿಗಾದರೂ ಆಪರೇಷನ್ ಇದ್ದರೆ ಅದರ ಹಸಿರು ಬಟ್ಟೆ ಇವತ್ತೇ ಮಡಿಸಿ, ಗಂಟು ಕಟ್ಟಿ, ಟ್ರಾಲಿಯಲ್ಲಿ ಮೇಲಕ್ಕೆ ಹೋಗಿರಬೇಕು. "ಡಾಕ್ಟ್ರು ಕತ್ತರಿ ಹಿಡ್ಕೊಂಡು, ಬಟ್ಟೆ ಒಣಗ್ಲಿ ಅಂತ ಕಾಯ್ತಾ ನಿಲ್ಲೋಕಾಗುತ್ತಾ?" ಎನ್ನುವುದು ಅವಳ ಮಾತು. ಆ ಅಭ್ಯಾಸವೇ ಮನೆಗೂ ಬಂದಿತ್ತು. ಮರುದಿನ ಕುಡಿಯುವ ಕಾಫಿಯ ಲೋಟ ಹಿಂದಿನ ಸಂಜೆಯೇ ಒಲೆಯ ಪಕ್ಕ ಬೋರಲಾಗಿರುತ್ತಿತ್ತು. ಮೋಡವಿರಲಿ ಬಿಡಲಿ, ಕೊಡೆ ಬಾಗಿಲ ಬಳಿ ಇರುತ್ತಿತ್ತು.

ಆದರೆ ಮದುವೆಗಳ ಜವಾಬ್ದಾರಿ ಅವಳ ತಲೆಗೆ ಬಂದದ್ದು ಆಸ್ಪತ್ರೆಗೆ ಸೇರುವ ಮೊದಲೇ, ನಮ್ಮ ಅಪ್ಪ ಅಮ್ಮನ ಮದುವೆಯಲ್ಲಿ. ಆಗ ಅವಳು ಓದು ಮುಗಿಸಿ ಮನೆಯಲ್ಲಿದ್ದ ಹುಡುಗಿ. ಎಲ್ಲ ವ್ಯವಸ್ಥೆ ತಾನೇ ಮಾಡುತ್ತೇನೆಂದು ಅಪ್ಪ ಹೇಳಿದ್ದ, ಮನೆಯವರು ನಂಬಿದ್ದರು. ಮದುವೆಯ ದಿನ ನೋಡಿದರೆ ಕುರ್ಚಿ ಬಂದಿರಲಿಲ್ಲ, ಅಡುಗೆಯವರಿಗೆ ಎಷ್ಟು ಜನ ಎಂದು ಯಾರೂ ಹೇಳಿರಲಿಲ್ಲ, ಮದುಮಗನ ಅಂಗಿಗೆ ಗುಂಡಿಗಳೇ ಇರಲಿಲ್ಲ. ಅತ್ತೆ ಸೈಕಲ್ ಹತ್ತಿ ಊರೆಲ್ಲ ತಿರುಗಿ ಕುರ್ಚಿ ಕಳಿಸಿ, ಗುಂಡಿ ಹೊಂದಿಸಿ, ಬೆವರೊರೆಸಿಕೊಂಡು ಒಳಗೆ ಬರುವಷ್ಟರಲ್ಲಿ ಮದುವೆ ಮುಗಿದು ಜನ ಕೈ ತೊಳೆಯುತ್ತಿದ್ದರು. ಅಣ್ಣನ ಮದುವೆಯನ್ನು ಅವಳು ನೋಡಲೇ ಇಲ್ಲ. ಅಂದಿನಿಂದ ನಂಟರ ಎಲ್ಲ ಮದುವೆಗಳೂ ಒಂದೊಂದಾಗಿ ಅವಳ ಕೈಗೆ ಬಂದವು. ಚಿಕ್ಕಪ್ಪನ ಮಗಳದು, ದೊಡ್ಡಮ್ಮನ ಮಗನದು, ಆಮೇಲೆ ಅವರ ನಾದಿನಿಯರದು. ಕೇಳಿದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಇಷ್ಟೇ: ಬೇಗ ಮಾಡಬಹುದಾದದ್ದನ್ನೆಲ್ಲ ಬೇಗ ಮಾಡಿಬಿಡಿ, ಕೊನೆಯ ಎರಡು ವಾರ ಏನೂ ಇಟ್ಟುಕೊಳ್ಳಬೇಡಿ. "ಜ್ವರ ಬರೋಕೆ, ಅಳೋಕೆ, ಬೀಗರ ಹತ್ರ ಜಗಳ ಆಡೋಕೆ ಅಷ್ಟು ಜಾಗ ಬಿಟ್ಟಿರ್ಬೇಕು. ಇಲ್ದಿದ್ರೆ ಅವೆಲ್ಲ ಮದುವೆ ದಿನವೇ ಬರ್ತವೆ."

ಹೀಗೆ ಊರವರ ಮದುವೆಗಳನ್ನೆಲ್ಲ ಮಾಡಿಸುತ್ತ ಅತ್ತೆಗೆ ನಲವತ್ತು ದಾಟಿತು. ಅವಳ ಮದುವೆಯ ಮಾತು ಮೊದಮೊದಲು ಮನೆಯಲ್ಲಿ ಬರುತ್ತಿತ್ತು, ಆಮೇಲೆ ನಿಂತುಹೋಯಿತು. ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಅವಳು ಇದ್ದಳು. ಅವಳಿಲ್ಲದ ಮನೆಯನ್ನು ನಮಗಾರಿಗೂ ಯೋಚಿಸಿ ಗೊತ್ತಿರಲಿಲ್ಲ.

ಆ ವರ್ಷ ಆಸ್ಪತ್ರೆಗೆ ಸುಣ್ಣ ಬಣ್ಣ ಆಯಿತು. ಬಾಗಿಲುಗಳ ಮೇಲೆ ಹೆಸರು ಬರೆಯಲು ಒಬ್ಬರು ಬಂದರು. ಬೋರ್ಡ್ ಬರೆಯುವುದೇ ಅವರ ಕಸುಬು. ಐವತ್ತರ ಆಸುಪಾಸು, ತೆಳ್ಳಗಿನ ಆಳು, ಕಿವಿಯ ಹಿಂದೆ ಯಾವಾಗಲೂ ಒಂದು ಬ್ರಷ್ಷು. ಹೆಂಡತಿ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅವರು ಮೇಲಿನ ಮಹಡಿಯಿಂದ ಒಂದೊಂದೇ ಬಾಗಿಲು ಬರೆಯುತ್ತ ಕೆಳಗಿಳಿದು ಬಂದರು. ಅದೆಷ್ಟು ನಿಧಾನವೆಂದರೆ ಮೊದಲು ಬರೆದ ಬಾಗಿಲಿಗೆ ಮತ್ತೆ ಬಣ್ಣ ಹೊಡೆಯುವ ಕಾಲ ಬಂತು ಎಂದು ನರ್ಸುಗಳು ನಗುತ್ತಿದ್ದರು. ಬೋರ್ಡಿನವರು ಎಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು. ನಾವೂ ಹಾಗೆಯೇ ಕರೆದೆವು, ಈಗಲೂ ಹಾಗೆಯೇ.

ಒಂದು ದಿನ ಅತ್ತೆ ಟ್ರಾಲಿ ತಳ್ಳಿಕೊಂಡು ಬಂದರೆ ಬಟ್ಟೆ ಕೋಣೆಯ ಬಾಗಿಲು ಮುಚ್ಚಿತ್ತು. ಮುಂದೆ ಸ್ಟೂಲಿನ ಮೇಲೆ ಅವರು ಕೂತಿದ್ದರು. ಅರ್ಧ ಹೆಸರು ಬರೆದಾಗಿತ್ತು. ಬಾಗಿಲು ತೆರೆದರೆ ಹಸಿ ಅಕ್ಷರ ಗೋಡೆಗೆ ಉಜ್ಜುತ್ತದೆ, ಸ್ವಲ್ಪ ಇರಿ ಎಂದರು.

"ಎಷ್ಟು ಹೊತ್ತಾಗುತ್ತೆ?" ಅತ್ತೆ ಕೇಳಿದಳು.

"ಒಣಗೋವರೆಗೂ."

"ಅದೇ, ಒಣಗೋಕೆ ಎಷ್ಟು ಹೊತ್ತು?"

ಅವರು ಅಕ್ಷರದ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. "ಅದು ಹೇಳಲ್ಲ. ಕೇಳಿ ನೋಡಿದ್ದೀನಿ."

ಅತ್ತೆಗೆ ರೇಗಿಹೋಯಿತು. ಇನ್ನೊಂದು ಬಾಗಿಲಿನಿಂದ ಸುತ್ತು ಹಾಕಿ ಟ್ರಾಲಿ ತಳ್ಳಿದಳು. ಆದರೆ ಸಂಜೆ ಹೊರಡುವಾಗ ನಿಂತು ಬಾಗಿಲು ನೋಡಿದಳಂತೆ. 'ಬಟ್ಟೆ ಕೋಣೆ' ಎಂಬ ಸಾದಾ ಎರಡು ಪದ. ಆದರೆ ಒತ್ತು, ದೀರ್ಘ ಒಂದೊಂದೂ ಎಷ್ಟು ಓರಣವಾಗಿ ಕೂತಿದ್ದವೆಂದರೆ, ಇಷ್ಟು ವರ್ಷ ತಾನು ದುಡಿದ ಕೋಣೆಗೆ ಇವತ್ತು ಮರ್ಯಾದೆ ಸಿಕ್ಕಿತು ಎಂದು ಅವಳಿಗೆ ಅನ್ನಿಸಿತು. ಮರುದಿನ ಅವರಿಗೆ ತಾನಾಗಿಯೇ ಒಂದು ಲೋಟ ಟೀ ತಂದುಕೊಟ್ಟಳು.

ನೆಲಮಾಳಿಗೆಯಲ್ಲಿ ಬರೆಯಲು ಅಂಥ ಬಾಗಿಲುಗಳೇನೂ ಇರಲಿಲ್ಲ. ಆದರೂ ಅವರ ಕೆಲಸ ಅಲ್ಲಿ ಬಹಳ ದಿನ ನಡೆಯಿತು. ಅದು ಮುಗಿದ ಮೇಲೂ ಅವರು ಆಗಾಗ ಮಧ್ಯಾಹ್ನದ ಬಿಡುವಿನಲ್ಲಿ ಬರುತ್ತಿದ್ದರು. ಹಿಂದಿನ ಅಂಗಳದಲ್ಲಿ, ತಂತಿಗಳ ಮೇಲೆ ಒಣಗುವ ಹೊದಿಕೆಗಳ ನಡುವಿನ ಕಲ್ಲುಬೆಂಚಿನ ಮೇಲೆ ಕೂತು ಇಬ್ಬರೂ ಬುತ್ತಿ ಬಿಚ್ಚುತ್ತಿದ್ದರು. ಅವರು ನಿಧಾನವಾಗಿ ಉಣ್ಣುತ್ತಿದ್ದರು, ಅತ್ತೆ ಬೇಗ ಮುಗಿಸಿ ಮಾತಾಡುತ್ತಿದ್ದಳು. ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಲು ಅವರು ಒಂದು ವರ್ಷ ತೆಗೆದುಕೊಂಡರು. ಅತ್ತೆ ಉತ್ತರವನ್ನು ಆರು ತಿಂಗಳ ಮೊದಲೇ ತಯಾರು ಮಾಡಿಟ್ಟುಕೊಂಡಿದ್ದಳು.

ಮನೆಯಲ್ಲಿ ಸುದ್ದಿ ಹೇಳಿದಾಗ ಅಪ್ಪ ಕನ್ನಡಕ ತೆಗೆದು ಒರೆಸಿ ಒರೆಸಿ ಮತ್ತೆ ಹಾಕಿಕೊಂಡ. ಅಮ್ಮ ಮಾತ್ರ, ಇಷ್ಟು ದಿನ ಡಬ್ಬಿಯಲ್ಲಿ ಇಬ್ಬರ ಊಟ ಹೋಗುತ್ತಿದ್ದದ್ದು ತನಗೆ ಗೊತ್ತಿರಲಿಲ್ಲವೇ ಎಂದು ನಕ್ಕಳು.

ಮದುವೆ ಮುಂದಿನ ವರ್ಷಕ್ಕೆ ಎಂದು ಗೊತ್ತಾಯಿತು. ಇಬ್ಬರದೂ ಒಬ್ಬರನ್ನೊಬ್ಬರು ಕಾಯಬಲ್ಲ ವಯಸ್ಸು. ಅತ್ತೆಗಂತೂ ತಯಾರಿಗೆ ಒಂದು ಪೂರಾ ವರ್ಷ ಸಿಕ್ಕಿದ್ದು ಹಬ್ಬವಾಗಿತ್ತು. ಮೊದಲು ಸಭಾಂಗಣ ಹಿಡಿದಳು. ವ್ಯಾಯಾಮ ಸಂಘದ ಹಳೆಯ ಕಟ್ಟಡ, ಎತ್ತರದ ಕಿಟಕಿಗಳು, ಮರದ ನೆಲ. ತಿಂಗಳ ನಾಲ್ಕನೇ ಭಾನುವಾರ ಖಾಲಿ ಇತ್ತು, ಅದನ್ನೇ ಗೊತ್ತು ಮಾಡಿದಳು. ಆಮೇಲೆ ಅಭ್ಯಾಸದಂತೆ ಅಡುಗೆಯವರಿಗೆ ಮೊದಲನೇ ಭಾನುವಾರ ಎಂದಳು, ದರ್ಜಿಗೆ ಅದರ ಹಿಂದಿನ ತಿಂಗಳು ಎಂದಳು, ಅಪ್ಪನಿಗೆ ಅದಕ್ಕಿಂತ ಹಿಂದಿನ ತಿಂಗಳು ಎಂದಳು. ಆಸ್ಪತ್ರೆಯ ಅಂಗಳದಲ್ಲಿ ಬೋರ್ಡಿನವರು ಬುತ್ತಿ ಬಿಚ್ಚುತ್ತ, ಯಾವ ದಿನ ಸಿಕ್ಕಿತು ಎಂದು ಕೇಳಿದಾಗಲೂ ಅವಳ ಬಾಯಿಂದ ತಾನಾಗಿಯೇ ಬಂದದ್ದು "ಎರಡನೇ ಭಾನುವಾರ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳಂತೆ. ಆದರೆ ತಿದ್ದಲಿಲ್ಲ. ಮದುವೆಯ ಕರೆಯೋಲೆಯನ್ನು ನಾನೇ ಕೈಯಲ್ಲಿ ಬರೆದು ಅಚ್ಚು ಹಾಕಿಸುತ್ತೇನೆ ಎಂದು ಅವರು ಹೇಳಿದ್ದರು. ಅವರ ನಿಧಾನ ಅತ್ತೆಗೆ ಗೊತ್ತಿತ್ತು. ಹದಿನೈದು ದಿನ ಕೈಯಲ್ಲಿದ್ದರೆ ಒಳ್ಳೆಯದೇ, ಅವರು ತಾರೀಖಿನ ಸಾಲಿಗೆ ಬರುವಷ್ಟರಲ್ಲಿ ಹೇಳಿದರಾಯಿತು ಎಂದುಕೊಂಡಳು. ಅವರು ಆ ಸಾಲಿಗೆ ಬರುವುದು ಮದುವೆ ತೀರಾ ಹತ್ತಿರ ಬಂದಾಗ ಎಂದು ಅವಳ ಲೆಕ್ಕ.

ಅವಳ ಲೆಕ್ಕ ತಪ್ಪಿದ್ದು ಅದೇ ಮೊದಲು. ಬೋರ್ಡಿನವರು ತಮ್ಮ ಜನ್ಮದಲ್ಲಿ ಒಂದೇ ಒಂದು ಕೆಲಸವನ್ನು ಬೇಗ ಮುಗಿಸಿದರು, ಅದು ಈ ಕರೆಯೋಲೆ. ಅಂಗಡಿಗಳ ಬೋರ್ಡುಗಳನ್ನೆಲ್ಲ ಮೂಲೆಗೆ ಒರಗಿಸಿಟ್ಟು, ಬೆಳಗಿನ ಒಳ್ಳೆಯ ಬೆಳಕಿನಲ್ಲಿ ದಿನಾ ಅದೊಂದನ್ನೇ ಬರೆದರು. ಒಂದು ಮಧ್ಯಾಹ್ನ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಬಟ್ಟೆ ಕೋಣೆಗೆ ತಂದರು. ಅತ್ತೆ ಮಡಿಸುತ್ತಿದ್ದ ಹೊದಿಕೆಯನ್ನು ಬದಿಗಿಟ್ಟು, ಕೈ ಒರೆಸಿಕೊಂಡು, ಬಿಚ್ಚಿದಳು.

ಅಷ್ಟು ಚೆಂದದ ಕರೆಯೋಲೆಯನ್ನು ನಾನೂ ಬೇರೆಲ್ಲೂ ನೋಡಿಲ್ಲ. ಇಬ್ಬರ ಹೆಸರೂ ಒಂದೇ ಅಳತೆಯಲ್ಲಿ, ಒಂದಕ್ಕೊಂದು ಆತುಕೊಂಡ ಹಾಗೆ. ಕೆಳಗೆ ಸಭಾಂಗಣದ ವಿಳಾಸ. ಎಲ್ಲಕ್ಕೂ ಕೆಳಗೆ, ಬಳ್ಳಿಯಂತೆ ಬಾಗಿದ ಅಕ್ಷರಗಳಲ್ಲಿ, ಎರಡನೇ ಭಾನುವಾರದ ತಾರೀಖು.

ಅತ್ತೆ ಆ ಸಾಲಿನಿಂದ ಕಣ್ಣು ಕೀಳದೆ ನಿಂತದ್ದನ್ನು ಅವರು ಸಂತೋಷ ಎಂದುಕೊಂಡರು. ಅಚ್ಚಿಗೆ ಕೊಡುವ ಮುಂಚೆ ಒಂದು ಪ್ರತಿ ತೆಗೆಸಿ ಅಕ್ಕನಿಗೆ ಕಳಿಸಿದೆ, ಅಕ್ಕ ಆಗಲೇ ರೈಲಿನ ಟಿಕೆಟ್ಟೂ ತೆಗೆಸಿಬಿಟ್ಟಳು ಎಂದು ಖುಷಿಯಿಂದ ಹೇಳಿದರು. ಅವರನ್ನು ಸಾಕಿ ಬೆಳೆಸಿದ್ದು ಆ ಅಕ್ಕನೇ. ಬಹಳ ದೂರದ ಊರಲ್ಲಿದ್ದರು. ಕೆಲಸಕ್ಕೆ ಹೋಗುವ ಹೆಂಗಸರ ಪುಟ್ಟ ಮಕ್ಕಳನ್ನು ಹಗಲಿಡೀ ತಮ್ಮ ಮನೆಯಲ್ಲಿ ನೋಡಿಕೊಳ್ಳುವುದು ಅವರ ಕೆಲಸ. ಆ ತಾಯಂದಿರಿಗೆಲ್ಲ ಅಷ್ಟು ದಿನ ರಜೆ ಹಾಕಿಕೊಳ್ಳಿ ಎಂದು ಹೇಳಿ ಒಪ್ಪಿಸಿ, ಎಷ್ಟೋ ವರ್ಷಗಳ ಮೇಲೆ ಅವರು ಊರು ಬಿಟ್ಟು ಹೊರಡುವವರಿದ್ದರು.

"ಒಂದು ಮಾತು ಹೇಳ್ಬೇಕು, ಬೇಜಾರು ಮಾಡ್ಕೋಬೇಡಿ. ಮದುವೆ ಈ ಭಾನುವಾರ ಅಲ್ಲ, ನಾಲ್ಕನೇ ಭಾನುವಾರ" ಎಂದಳು ಅತ್ತೆ.

ಮುಂದಕ್ಕೆ ಹೋಯಿತೇ ಎಂದು ಅವರು ಕೇಳಿದರು. ದರ್ಜಿಗೆ ಹೇಳುವ ಹಾಗೆ ಹೌದು ಎಂದುಬಿಡಬಹುದಿತ್ತು. ಅತ್ತೆ ಇಲ್ಲ, ಮೊದಲಿಂದಲೂ ನಾಲ್ಕನೆಯದೇ ಎಂದಳು. ಆಮೇಲೆ ಯಾರು ಯಾರಿಗೆ ಯಾವ ಯಾವ ದಿನ ಹೇಳಿದ್ದೇನೆ ಎಂದು ಎಲ್ಲವನ್ನೂ ಒಪ್ಪಿಸಿದಳು. ದರ್ಜಿಯ ಕಥೆಗೆ ಅವರು ನಕ್ಕರು. ಅಪ್ಪನದಕ್ಕೆ ಇನ್ನೂ ನಕ್ಕರು. ಆಮೇಲೆ ನಗು ನಿಂತಿತು.

"ಅಂದ್ರೆ ನಾನೂ ದರ್ಜಿ ಸಾಲಲ್ಲೇ ನಿಂತಿದ್ದೀನಿ" ಎಂದರು.

ಕರೆಯೋಲೆಯನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿ, ಒಂದು ಸಾಲು ತಾನೇ, ತಿದ್ದಿ ಬರೆಯುತ್ತೇನೆ ಎಂದು ಹೇಳಿ ಎದ್ದು ಹೋದರು. ಕೂಗಾಡಿದ್ದರೆ ಅತ್ತೆಗೆ ಉತ್ತರ ಕೊಡಲು ಬರುತ್ತಿತ್ತು. ಆ ವಾರ ಅವರು ಅಂಗಳಕ್ಕೆ ಬರಲಿಲ್ಲ. ಅತ್ತೆ ಬುತ್ತಿಯನ್ನು ಬಿಚ್ಚದೆ ಮನೆಗೆ ತರುತ್ತಿದ್ದಳು, ಅಮ್ಮ ಏನೂ ಕೇಳದೆ ಡಬ್ಬಿ ತೊಳೆದಿಡುತ್ತಿದ್ದಳು.

ಶನಿವಾರ ಅತ್ತೆ ಅವರ ಅಂಗಡಿಗೇ ಹೋದಳು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಉದ್ದನೆಯ ಒಂದು ಕೋಣೆ. ಬಣ್ಣದ ಡಬ್ಬಿಗಳ ಬಾಯಿಯಲ್ಲಿ ಕೆನೆಗಟ್ಟಿದ ಬಣ್ಣ, ಟರ್ಪೆಂಟೈನ್ ವಾಸನೆ, ಗೋಡೆಗೆ ಒರಗಿದ ಅರ್ಧಂಬರ್ಧ ಬೋರ್ಡುಗಳು. ಒಂದು ಬೇಕರಿಯ ಬೋರ್ಡಿನಲ್ಲಿ 'ಬೇ' ಮಾತ್ರ ಆಗಿತ್ತು. ಕರೆಯೋಲೆ ಮೇಜಿನ ಮೇಲೆಯೇ ಇತ್ತು, ಆ ಸಾಲನ್ನು ಅವರು ತಿದ್ದಿರಲಿಲ್ಲ. ಕೂರಲು ಸ್ಟೂಲು ಒರೆಸಿ ಕೊಟ್ಟರು. ಟೀ ತರಿಸುತ್ತೇನೆ ಎಂದರು. ಅತ್ತೆ ಬೇಡ ಎಂದಳು.

ಅವರೇ ಮಾತು ತೆಗೆದರು. "ನಾನು ನಿಧಾನದವನು ಅಂತ ಎಲ್ರೂ ಹೇಳ್ತಾರೆ, ಅದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ನೀವು ಆ ಭಾನುವಾರ ಅಂದಾಗ ನಾನು ನಂಬಿದೆ. ದಿನಾ ಬೆಳಗ್ಗೆ ಎದ್ದಾಗ ಅದನ್ನೇ ನೆನೆಸ್ಕೊಂಡಿದ್ದೀನಿ. ಈಗ ಅದು ಬರೀ ಭಾನುವಾರ ಆಗೋಯ್ತು."

"ನಿಮ್ಮನ್ನ ದರ್ಜಿ ಥರ ನೋಡಿ ಹೇಳಿದ್ದಲ್ಲ ರೀ. ಬಾಯಿಗೆ ಬಂದಿದ್ದೇ ಹಾಗೆ" ಎಂದಳು ಅತ್ತೆ. "ಜನರನ್ನ ನಂಬಿ ಕೂತ್ರೆ ಕುರ್ಚಿ ಬರಲ್ಲ ಅಂತ ಒಂದ್ಸಲ ಕಲಿತ್ಬಿಟ್ಟೆ. ಆಮೇಲೆ ನಂಬೋದೇ ಮರ್ತೋಯ್ತು."

ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಕಣ್ಣು ತುಂಬಿತು. ಅವರು ಬ್ರಷ್ ಒರೆಸುವ ಬಟ್ಟೆ ಕೊಡಲು ಹೋಗಿ, ಅದರ ತುಂಬ ಬಣ್ಣವಿರುವುದನ್ನು ನೋಡಿ ಹಿಂದಕ್ಕೆ ತೆಗೆದುಕೊಂಡರು. ಅದಕ್ಕೆ ಅತ್ತೆಗೆ ಅಳುವಿನ ನಡುವೆಯೇ ನಗು ಬಂತು, ಅವರಿಗೂ ಬಂತು. ಆಮೇಲೆ ಅತ್ತೆ ಮೇಜಿನ ಮೇಲಿನ ಕರೆಯೋಲೆಯನ್ನು ಇನ್ನೊಮ್ಮೆ ನೋಡಿದಳು.

"ಈ ಸಾಲು ತಿದ್ದಬೇಡಿ. ಆ ಭಾನುವಾರವೇ ಆಗೋಣ" ಎಂದಳು.

ಸಭಾಂಗಣ ಬೇಡವೇ ಎಂದು ಅವರು ಕೇಳಿದರು. ಅದನ್ನು ನಾಳೆ ನೋಡುತ್ತೇನೆ, ಸಿಗದಿದ್ದರೆ ಸಿಗಲಿಲ್ಲ ಎಂದು ಬಂದು ನಿಜವನ್ನೇ ಹೇಳುತ್ತೇನೆ ಎಂದು ಅತ್ತೆ ಎದ್ದಳು.

ಸಭಾಂಗಣದಲ್ಲಿ ಎರಡನೇ ಭಾನುವಾರ ಬೇರೊಂದು ಮದುವೆಗೆ ಹೋಗಿತ್ತು. ಅಲ್ಲಿನ ಮೇಲ್ವಿಚಾರಕ ಆಗಲ್ಲ ಎಂದು ಕೈಯಲ್ಲಾಡಿಸಿಬಿಟ್ಟ. ಆ ಮದುವೆಯವರ ಮನೆ ಎಲ್ಲಿ ಎಂದು ಅತ್ತೆ ಕೇಳಿದಾಗ, ಎರಡು ಬೀದಿ ಆಚೆ, ಜಗಳದ ಸದ್ದು ಕೇಳಿದ ಮನೆಯ ಬಾಗಿಲು ತಟ್ಟಿ ಎಂದ. ಅವನು ಹೇಳಿದ್ದು ತಮಾಷೆಗಲ್ಲ. ಅತ್ತೆ ಹೋದಾಗ ಆ ಮನೆಯ ನಡುಕೋಣೆಯಲ್ಲಿ ಬಟ್ಟೆಯ ರಾಶಿ, ತಿಂಡಿಯ ತಟ್ಟೆ, ಯಾರದೋ ಚಪ್ಪಲಿ ಎಲ್ಲ ಒಂದೇ ಸೋಫಾದ ಮೇಲಿದ್ದವು. ಮದುವೆಗೆ ಇನ್ನು ಮೂರು ತಿಂಗಳೂ ಇರಲಿಲ್ಲ. ಕರೆಯೋಲೆಯಲ್ಲಿ ಯಾರ ಹೆಸರು ಮೊದಲು ಎಂಬುದಕ್ಕೆ ಮದುಮಗಳ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತು, ಅದು ಅಚ್ಚಿಗೇ ಹೋಗಿರಲಿಲ್ಲ. ಅಡುಗೆಯವರನ್ನು ಹಿಡಿದಿರಲಿಲ್ಲ. ಮದುಮಗಳು ಪರೀಕ್ಷೆಗೆ ಓದುತ್ತ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು; ಪರೀಕ್ಷೆಯ ಕೊನೆಯ ದಿನ ಮದುವೆಯ ಹಿಂದಿನ ದಿನವೇ ಬಂದಿತ್ತಂತೆ.

ಮದುಮಗಳ ಅಮ್ಮ ಅತ್ತೆಯದೇ ವಯಸ್ಸಿನವರು. ಅತ್ತೆ ಸುತ್ತು ಬಳಸದೆ ಎಲ್ಲ ಹೇಳಿದಳು: ತನ್ನ ಮದುವೆ, ತಪ್ಪು ತಾರೀಖು, ಅಕ್ಕನ ಟಿಕೆಟ್ಟು. ನಿಮ್ಮ ದಿನ ನಮಗೆ ಕೊಟ್ಟು ನಮ್ಮ ದಿನ ನೀವು ತೆಗೆದುಕೊಳ್ಳುವಿರಾ ಎಂದು ಕೇಳಿದಳು.

ಆ ತಾಯಿ ಕೂತಲ್ಲೇ ಅತ್ತೆಯ ಎರಡೂ ಕೈ ಹಿಡಿದುಕೊಂಡರು. "ಇನ್ನೂ ಹದಿನೈದು ದಿನ ಸಿಗುತ್ತಾ ನಂಗೆ? ನಿಜವಾಗ್ಲೂ?"

ಒಳಕೋಣೆಯ ಬಾಗಿಲು ತೆರೆದು ಮದುಮಗಳು ಪುಸ್ತಕದ ಸಮೇತ ಹೊರಗೆ ಬಂದು, ಒಪ್ಪಿಕೋ ಅಮ್ಮಾ ಎಂದಳು. ವರನ ಕಡೆಯವರಿಗೆ ಅಲ್ಲಿಂದಲೇ ಫೋನ್ ಹೋಯಿತು. ಅವರ ಮನೆಯಲ್ಲೂ ಯಾವ ಕೆಲಸವೂ ಆಗಿರಲಿಲ್ಲವೋ ಏನೋ, ತಕರಾರಿಲ್ಲದೆ ಒಪ್ಪಿದರು.

ಹೀಗೆ ಅತ್ತೆ ಹೇಳಿದ್ದ ಸುಳ್ಳು ನಿಜವಾಯಿತು. ಅಡುಗೆಯವರಿಗೂ ದರ್ಜಿಗೂ ಆಗುವ ತೊಂದರೆಯೇನೂ ಇರಲಿಲ್ಲ, ಅವರಿಗೆ ಹೇಳಿದ್ದು ಇನ್ನೂ ಮುಂಚಿನ ದಿನ. ತೊಂದರೆಯಾದದ್ದು ಅತ್ತೆಗೇ. ಅಳಲು, ಜಗಳಕ್ಕೆ, ಜ್ವರಕ್ಕೆ ಎಂದು ಅವಳು ಬಿಟ್ಟುಕೊಂಡಿದ್ದ ಕೊನೆಯ ಎರಡು ವಾರ ಕೈಬಿಟ್ಟುಹೋಗಿತ್ತು. ಆಸ್ಪತ್ರೆಯಲ್ಲಿ ಬರೆದುಕೊಟ್ಟಿದ್ದ ರಜೆ ಬದಲಿಸಬೇಕಾಯಿತು. ಆ ವಾರ ತನ್ನ ಪಾಳಿ ಮಾಡಿಕೊಡುತ್ತೀಯಾ ಎಂದು ಜೊತೆಯವಳನ್ನು ಕೇಳಬೇಕಾಯಿತು. ಅತ್ತೆ ಯಾರನ್ನಾದರೂ ಕೇಳಿದ್ದು ಅಪರೂಪ. ಅವಳು ಕೇಳಿದ್ದಕ್ಕೇ ಖುಷಿಯಾಗಿ, ಜೊತೆಯವಳು ಒಂದರ ಬದಲು ಎರಡು ವಾರ ಮಾಡಿಕೊಟ್ಟಳು.

ಇನ್ನೂ ಒಂದು ಕೆಲಸ ಉಳಿದಿತ್ತು. ಒಂದು ಸಂಜೆ ಊಟದ ಮೇಜಿನ ಮುಂದೆ ಅತ್ತೆ ಅಪ್ಪನಿಗೆ ಎಲ್ಲ ಹೇಳಿಬಿಟ್ಟಳು. ಈ ಮದುವೆಯದಷ್ಟೇ ಅಲ್ಲ, ಇಲ್ಲಿಯವರೆಗಿನ ಎಲ್ಲ ಮದುವೆಗಳದೂ. ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

"ಅಂದ್ರೆ ಪ್ರತಿ ಸಲ ನಾನು ಲೇಟಾಯ್ತು ಅಂತ ಅರ್ಧ ಗಡ್ಡ ಬೋಳಿಸ್ಕೊಂಡು ಓಡಿ ಬರ್ತಿದ್ನಲ್ಲ, ಆಗೆಲ್ಲ ಟೈಮಿತ್ತಾ?"

"ಇತ್ತಣ್ಣ."

ಅಪ್ಪ ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ, ಇನ್ನು ಮೇಲೆ ನನಗೆ ನಿಜವನ್ನೇ ಹೇಳು, ನಾನು ಬಂದರೆ ಬಂದೆ, ಇಲ್ಲದಿದ್ದರೆ ಬಿಟ್ಟು ಮಾಡಿಕೊಳ್ಳಿ ಎಂದ. ಮದುವೆಯ ದಿನ ಬೆಳಗ್ಗೆ ಸಭಾಂಗಣಕ್ಕೆ ಎಲ್ಲರಿಗಿಂತ ಮೊದಲು ಹೋದವನು ಅವನೇ. ಕಸ ಗುಡಿಸುವವರು ಇನ್ನೂ ಬಂದಿರಲಿಲ್ಲವಂತೆ. ಅವರು ಬಂದು ನೋಡಿದರೆ ಹೊಸ ಬಟ್ಟೆ ತೊಟ್ಟ ಒಬ್ಬ ಯಜಮಾನರು ಮೆಟ್ಟಿಲ ಮೇಲೆ ಕೂತು ಬೀಗದ ಕೈಗೆ ಕಾಯುತ್ತಿದ್ದರು.

ಬೋರ್ಡಿನವರ ಅಕ್ಕ ಹಿಂದಿನ ದಿನವೇ ಬಂದಿಳಿದಿದ್ದರು. ದಪ್ಪಗಿನ, ಗಟ್ಟಿ ದನಿಯ ಹೆಂಗಸು. ಅತ್ತೆ ಅವರನ್ನು ಎದುರುಗೊಳ್ಳಲು ಬಹಳ ಹೆದರಿದ್ದಳು, ತಮ್ಮನಿಗೆ ಸುಳ್ಳು ಹೇಳಿದವಳು ಎಂಬುದು ಅವರಿಗೆ ಗೊತ್ತಾಗಿತ್ತಲ್ಲ. ಮದುವೆಯ ಬೆಳಗ್ಗೆ, ಸಭಾಂಗಣದ ಪಕ್ಕದ ಚಿಕ್ಕ ಕೋಣೆಯಲ್ಲಿ, ಅತ್ತೆಯ ಹೊಸ ಅಂಗಿಯ ಒಂದು ತೋಳಿನ ಅಂಚು ಹೊಲಿಯದೆ ಉಳಿದದ್ದು ಕಣ್ಣಿಗೆ ಬಿತ್ತು. ದರ್ಜಿ ಬಿಟ್ಟಿದ್ದ, ಅವಸರದಲ್ಲಿ ಅತ್ತೆಯೂ ನೋಡಿರಲಿಲ್ಲ. ಅಕ್ಕ ತಮ್ಮ ಚೀಲದಿಂದ ಸೂಜಿ ದಾರ ತೆಗೆದು, ಅಂಗಿ ತೆಗೆಸದೆ ಹಾಗೇ ತೋಳು ಹಿಡಿದು ಹೊಲಿಯತೊಡಗಿದರು. ಪುಟ್ಟ ಮಕ್ಕಳ ಗುಂಡಿ ಹಾಕಿ ಹಾಕಿ ಅವರಿಗೆ ಅಭ್ಯಾಸ.

ಹೊಲಿಯುತ್ತಲೇ ಅವರು, ತಮ್ಮ ಚಿಕ್ಕವನಿದ್ದಾಗ ಶಾಲೆಗೆ ಹೊರಡಿಸುವ ಕಷ್ಟವನ್ನೆಲ್ಲ ಹೇಳಿದರು. ಎಂಟು ಗಂಟೆಯ ಶಾಲೆಗೆ ಏಳೂವರೆಗೇ ಬೆಲ್ ಹೊಡೆಯುತ್ತದೆ ಎಂದು ತಾವೂ ಅವನಿಗೆ ಎಷ್ಟೋ ವರ್ಷ ಸುಳ್ಳು ಹೇಳಿದ್ದರಂತೆ.

"ಅವನಿಗೆ ಇವತ್ತಿಗೂ ಗೊತ್ತಿಲ್ಲ" ಎಂದರು. "ನೀನಾದ್ರೂ ಹೇಳ್ಬಿಟ್ಟೆಯಲ್ಲ, ಒಳ್ಳೇದಾಯ್ತು ಬಿಡು." ದಾರವನ್ನು ಹಲ್ಲಿನಿಂದ ಕಡಿದು, ತೋಳು ನೀವಿ, ನಡಿ ಎಂದರು.

ಮದುವೆ ಚೆನ್ನಾಗಿಯೇ ಆಯಿತು. ಕುರ್ಚಿ ಸ್ವಲ್ಪ ಕಡಿಮೆ ಬಿದ್ದವು, ಹುಡುಗರೆಲ್ಲ ಎತ್ತರದ ಕಿಟಕಿಗಳ ಕಟ್ಟೆಯ ಮೇಲೆ ಹತ್ತಿ ಕೂತರು. ಅತ್ತೆ ಒಂದು ಸಲ ಎದ್ದು ನೋಡಿಬರಲು ಹೋದಾಗ ಬೋರ್ಡಿನವರು ಅವಳ ಕೈ ಹಿಡಿದು ಕೂರಿಸಿದರು. ಬಟ್ಟೆ ಕೋಣೆಯವರೆಲ್ಲ ಬಂದಿದ್ದರು. ಪಾಳಿಯಲ್ಲಿದ್ದವರು ಹಸಿರು ಅಂಗಿಯಲ್ಲೇ ಬಂದು ಉಂಡು ಹೋದರು. ಎರಡು ಬೀದಿಯಾಚೆಯ ಆ ತಾಯಿ, ಅವರಿಗೂ ಕರೆಯೋಲೆ ಹೋಗಿತ್ತು, ಎಲ್ಲವನ್ನೂ ಕಣ್ಣರಳಿಸಿ ನೋಡುತ್ತ ಓಡಾಡಿದರು. ಮುಂದೆ ಹದಿನೈದು ದಿನಕ್ಕೆ ಅವರ ಮಗಳ ಮದುವೆಗೆ ಅತ್ತೆಯೂ ಬೋರ್ಡಿನವರೂ ಹೋದರು. ಅಲ್ಲಿ ಏನೇನು ತಡವಾಯಿತು, ಏನೇನು ಎಡವಟ್ಟಾಯಿತು ಎಂದು ಅತ್ತೆಯನ್ನು ಕೇಳಿದರೆ, ಊಟ ಚೆನ್ನಾಗಿತ್ತು ಎಂದಷ್ಟೇ ಹೇಳಿದಳು.

ಈಗ ಅವರು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದಾರೆ. ನಂಟರ ಮದುವೆಗಳು ಇನ್ನೂ ಅತ್ತೆಯ ಹತ್ತಿರವೇ ಬರುತ್ತವೆ. ಈಗ ಎಲ್ಲರಿಗೂ ಒಂದೇ ತಾರೀಖು ಹೇಳುತ್ತಾಳೆ. ದರ್ಜಿ ತಡ ಮಾಡುತ್ತಾನೆ. ಅತ್ತೆ ಅವನ ಅಂಗಡಿಗೆ ಹೋಗಿ ಕೂತುಬಿಡುತ್ತಾಳೆ, ಊರ ಸುದ್ದಿಯೆಲ್ಲ ಮಾತಾಡುತ್ತಾಳೆ, ಅವಳನ್ನು ಎಬ್ಬಿಸಿ ಕಳಿಸುವ ಸಲುವಾಗಿಯಾದರೂ ಅವನು ಹೊಲಿದು ಕೊಡುತ್ತಾನೆ. ಕೆಲವು ಮದುವೆಗಳಲ್ಲಿ ಏನಾದರೊಂದು ಕಡಿಮೆ ಬೀಳುತ್ತದೆ. ಬಿದ್ದರೆ ಬೀಳಲಿ ಎಂಬ ಮಾತು ಅವಳ ಬಾಯಲ್ಲಿ ಕೇಳಿದಾಗ ಅಮ್ಮ ಎರಡು ಸಲ ತಿರುಗಿ ನೋಡಿದಳು.

ವರ್ಷಕ್ಕೊಮ್ಮೆ ಇಬ್ಬರೂ ಅಕ್ಕನ ಊರಿಗೆ ಹೋಗುತ್ತಾರೆ. ಕಳೆದ ಸಲ ನಾನೂ ಜೊತೆಗೆ ಹೋಗಿದ್ದೆ. ಬೆಳಗ್ಗೆ ಅಕ್ಕನ ಮನೆಯ ಮುಂದೆ ತಾಯಂದಿರು ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಓಡುತ್ತಿದ್ದರು. ಎಲ್ಲ ಮಕ್ಕಳನ್ನೂ ಹೂದೋಟಕ್ಕೆ ಕರೆದುಕೊಂಡು ಹೋಗುವುದೆಂದು ಗೊತ್ತಾಗಿತ್ತು. ಒಂದು ಪುಟ್ಟ ಹುಡುಗಿ ಬೂಟು ತಾನೇ ಹಾಕಿಕೊಳ್ಳಬೇಕೆಂದು ಹಠ ಹಿಡಿದು, ಎಡಗಾಲಿನದನ್ನು ಬಲಗಾಲಿಗೆ, ಬಲಗಾಲಿನದನ್ನು ಎಡಗಾಲಿಗೆ ತೂರಿಸುತ್ತಿತ್ತು. ಉಳಿದ ಮಕ್ಕಳು ಗೇಟಿನ ಹತ್ತಿರ ಕುಣಿಯುತ್ತಿದ್ದವು. ಬೋರ್ಡಿನವರು ಅವುಗಳ ಜೊತೆ ಮುಂದೆ ಹೋದರು. ಅತ್ತೆ ಆ ಹುಡುಗಿಯ ಪಕ್ಕ ಮೆಟ್ಟಿಲ ಮೇಲೆ ಕೂತಳು. ಕೈ ಚಾಚಲಿಲ್ಲ. ಬಿಸಿಲು ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿಯಿತು. ಹುಡುಗಿ ಬೂಟು ಕಳಚಿ ಮತ್ತೆ ಮೊದಲಿಂದ ಶುರುಮಾಡಿತು. ಅತ್ತೆ ಸೆರಗಿನಂತೆ ಹೊದ್ದಿದ್ದ ಶಾಲನ್ನು ಮಡಿಲಿಗೆ ಎಳೆದುಕೊಂಡು, ಆರಾಮಾಗಿ ಕಂಬಕ್ಕೆ ಒರಗಿದಳು.